ಕುಡಿತದ ವ್ಯಾಧಿಯೂ ಸಂಸಾರದ ಚಿಕಿತ್ಸೆಯೂ

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬುದು ನಮ್ಮ ಹಿರಿಯರ ಮಾತು. ಮನೆಯ ವಿಷಯವನ್ನು ಬೀದಿಗೆ ತರಬಾರದು, ರೋಗವನ್ನು ಬಚ್ಚಿಡಬಾರದು ಎಂಬುದು ಇದರ ತಾತ್ಪರ್ಯ. ಹಾಗಾದರೆ ಕುಡಿತದ ಚಟವು ಸಂಸಾರದ ಗುಟ್ಟೋ, ವ್ಯಾಧಿಯೋ? ಎಷ್ಟೋ ಮನೆಗಳ ಸುಖದುಃಖವು ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಅಮೆರಿಕದ ವೈದ್ಯರ ಸಂಘವು 1956ರಲ್ಲಿಯೇ ಇದನ್ನು ಕಾಯಿಲೆಯೆಂದು ಒಪ್ಪಿತು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ಬಿಟ್ಟರೆ ಕೈನಡುಕ, ನಿದ್ರಾಹೀನತೆ, ಕೆಲವೊಮ್ಮೆ ಫಿಟ್ಸು, ಚಿತ್ತಭ್ರಮೆಗಳು ತೋರುತ್ತವೆ, ಪ್ರಾಣಾಪಾಯವೂ ಉಂಟು. ಆದುದರಿಂದ ದೇವರ ಮುಂದೆ ಆಣೆ ಮಾಡಿಸುವುದಷ್ಟೇ ಚಿಕಿತ್ಸೆಯಾಗಲಾರದು; ವೈದ್ಯರ ನೆರವು ಬೇಕು.

ಇನ್ನು ಮನೆಯವರ ವಿಚಾರ. ಹೆಂಡತಿಯು ಅಂಗಡಿಯ ಸಾಲ ತೀರಿಸುತ್ತಾಳೆ. ತಾಯಿಯು ‘ಮಗನಿಗೆ ಜ್ವರ’ ಎಂದು ಕೆಲಸದ ಕಡೆಗೆ ಹೇಳಿ ಕಳುಹಿಸುತ್ತಾಳೆ. ಹಿರಿಯ ಮಗನು ಓದು ಬಿಟ್ಟು ಕೂಲಿಗೆ ಹೋಗುತ್ತಾನೆ. ಇವೆಲ್ಲ ಪ್ರೀತಿಯಿಂದ, ಮಾನದ ಭಯದಿಂದ ನಡೆಯುವಂಥವು. ಆದರೆ ಕುಡಿತದ ಫಲವನ್ನು ಇತರರೇ ಉಂಡರೆ ಕುಡಿಯುವವನಿಗೆ ಅದರ ಕಹಿ ತಿಳಿಯುವುದೆಂತು?

ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರು 1974ರಲ್ಲಿ ಕುಡಿತವನ್ನು ಇಡೀ ಸಂಸಾರದ ಹಿನ್ನೆಲೆಯಲ್ಲಿಟ್ಟು ವಿವೇಚಿಸಿದರು. ಮನೆಯವರ ಕಳವಳ ಹೆಚ್ಚಿದಂತೆ ಕುಡಿತ ಹೆಚ್ಚುತ್ತದೆ, ಕುಡಿತ ಹೆಚ್ಚಿದಂತೆ ಕಳವಳ. ಈ ಚಕ್ರವನ್ನು ಯಾರಾದರೊಬ್ಬರು ತಡೆಯಬೇಕು. ಹೀಗೆಂದರೆ ತಪ್ಪು ಹೆಂಡತಿಯದೆಂದು ಅರ್ಥವಲ್ಲ. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ಆರಂಭವಾದ ‘ಅಲ್-ಅನಾನ್’ ಸಂಘವೂ, ಚಟಕ್ಕೆ ಮನೆಯವರು ಕಾರಣರಲ್ಲ ಎಂಬುದನ್ನೇ ಮೊದಲು ತಿಳಿಸುತ್ತದೆ.

ಚಿಕಿತ್ಸೆಯಲ್ಲಿ ಗಂಡಹೆಂಡಿರು ಒಟ್ಟಿಗೆ ಕುಳಿತು ಸಣ್ಣ ಒಪ್ಪಂದ ಮಾಡಿಕೊಳ್ಳುತ್ತಾರೆ. ‘ಈ ದಿನ ಕುಡಿಯೆನು’ ಎಂದು ಅವನು ದಿನವೂ ಹೇಳುತ್ತಾನೆ. ಅವಳು ಅದನ್ನು ಮೆಚ್ಚಿ, ಹಳೆಯ ಜಗಳವನ್ನು ಕೆದಕದಿರುತ್ತಾಳೆ. ವೈದ್ಯರು ಡೈಸಲ್ಫಿರಾಂ ಮಾತ್ರೆ ಕೊಟ್ಟಿದ್ದರೆ ಅವಳೆದುರಿಗೇ ನುಂಗುತ್ತಾನೆ. ಇದನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವುದು ಬಹು ಅಪಾಯ. ತಿಳಿಯದೆ ಅದರ ಮೇಲೆ ಕುಡಿದರೆ ಜೀವಕ್ಕೇ ಮುಳುವಾಗಬಹುದು. ಹೊಡೆತ ಬಡಿತಗಳಿರುವ ಮನೆಯಲ್ಲಂತೂ ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲು, ಒಪ್ಪಂದವೆಲ್ಲ ಅನಂತರ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಆಸ್ಪತ್ರೆಯ ಚೀಟಿ ಓದಬಲ್ಲವರು ನಾವೊಬ್ಬರೇ. ತಂದೆಯನ್ನೋ ಅಣ್ಣನನ್ನೋ ಅಲ್ಲಿಗೆ ಕರೆದೊಯ್ಯುವ ಧೈರ್ಯವನ್ನು ನಾವಲ್ಲದೆ ಇನ್ನಾರು ತೋರಿಯಾರು? ವ್ಯಾಧಿಯು ರಟ್ಟಾದರೆ ಮಾನ ಹೋಗದು, ಮನೆ ಉಳಿದೀತು.