ಗಾಡಿ ನೋಡಲು ನಸುಕಿನಲ್ಲೇ ಹೋಗು

ತಮ್ಮಾ, ದೂರದೂರಿಗೆ ಹೋಗಿಬರುವಂಥ ದೊಡ್ಡ ಮೋಟರ್‌ಸೈಕಲ್ಲು ಹುಡುಕುತ್ತಿದ್ದೀಯಂತೆ, ನಿಮ್ಮವ್ವ ಹೇಳಿದಳು. ಅವಳ ದನಿಯಲ್ಲಿ ಅಂಜಿಕೆ ಇತ್ತು. ನನಗೆ ಮಾತ್ರ ಕೇಳಿ ಸಂತೋಷವೇ ಆಯಿತು. ಸೋದರಮಾವನೆಂದು ಬುದ್ಧಿ ಹೇಳಿ ನಿನ್ನ ಹುರುಪು ಇಳಿಸುವ ಮನಸ್ಸು ನನಗಿಲ್ಲ. ಹಳೆಯದನ್ನೇ ಕೊಳ್ಳಬೇಕೆಂಬ ನಿನ್ನ ಎಣಿಕೆಯೂ ಸರಿ. ಹೊಸ ಗಾಡಿ ಶೋರೂಮಿನಿಂದ ಇಳಿದ ದಿನವೇ ಅರ್ಧ ಬೆಲೆ ಕಳೆದುಕೊಳ್ಳುವುದಿಲ್ಲ ನಿಜ, ಆದರೂ ಮೊದಲ ಮೂರು ನಾಲ್ಕು ವರ್ಷದಲ್ಲಿ ಬೆಲೆ ಬಹಳ ಇಳಿಯುತ್ತದೆ. ಆ ಇಳಿತವನ್ನು ಇನ್ನೊಬ್ಬರು ಹೊತ್ತ ಮೇಲೆ ಕೊಳ್ಳುವವನು ಜಾಣ. ಒಂದೇ ಕರಾರು: ಎಷ್ಟು ಜೋರು ಓಡುತ್ತದೆ ಎಂದು ಕೇಳಿ ಕೊಳ್ಳಬೇಡ. ದಿನವಿಡೀ ಓಡಿಸಿ ಇಳಿದಾಗ ನಿನ್ನ ಮೈ ಹೇಗಿರುತ್ತದೆ, ಅದನ್ನು ನೋಡಿ ಕೊಳ್ಳು.

ಸ್ಪೋರ್ಟ್ ಟೂರಿಂಗ್ ಅನ್ನುವ ಜಾತಿ ಹುಟ್ಟಿದ್ದೇ ಅದಕ್ಕೆ. ರೇಸಿನ ಗಾಡಿಯಲ್ಲಿ ಟ್ಯಾಂಕಿನ ಮೇಲೆ ಬಾಗಿ ಮಲಗಬೇಕು, ಮಿರಜ ದಾಟುವುದರೊಳಗೆ ಮಣಿಕಟ್ಟು ನೋಯಲು ಹತ್ತುತ್ತದೆ. ಕಾಲು ಮುಂದೆ ಚಾಚಿ ಕೂರುವ ಕ್ರೂಸರಿನಲ್ಲಿ ರಸ್ತೆಯ ಗುಂಡಿಯೆಲ್ಲ ನೇರ ಬೆನ್ನಿಗೇ ಬಡಿಯುತ್ತದೆ. ಸ್ಪೋರ್ಟ್ ಟೂರಿಂಗ್ ಗಾಡಿಯಲ್ಲಿ ಸವಾರ ತುಸುವೇ ಮುಂದೆ ಬಾಗಿರುತ್ತಾನೆ, ಎದೆಗೆ ಬಡಿಯುವ ಗಾಳಿಯನ್ನು ಫೇರಿಂಗ್ ತಡೆಯುತ್ತದೆ, ಟ್ಯಾಂಕು ದೊಡ್ಡದು, ಹಿಂದೆ ಕೂತವರಿಗೂ ಬ್ಯಾಗಿಗೂ ಜಾಗ ಇರುತ್ತದೆ. ನಮ್ಮ ದೇಶದಲ್ಲಿ ಈ ರುಚಿ ಹತ್ತಿಸಿದ್ದು 2003ರಲ್ಲಿ ಬಂದ ಹೀರೋ ಹೋಂಡಾ ಕರಿಝ್ಮಾ. 223 ಸಿಸಿಯ ಎಂಜಿನ್ನು, ಗಟ್ಟಿ ಗಾಡಿ. ಆದರೆ ಆ ಕಾಲದವು ಈಗ ಹದಿನೈದು ವರ್ಷ ದಾಟಿವೆ. ನೋಂದಣಿ ನವೀಕರಣ, ಪರಿಸರ ತೆರಿಗೆ, ಸಿಗದ ಬಿಡಿಭಾಗ, ಇವೆಲ್ಲ ಬೆನ್ನಿಗೆ ಬೀಳುತ್ತವೆ. ಪ್ರೀತಿಯಿಂದ ಇಟ್ಟುಕೊಳ್ಳುವವರಿಗೆ ಅದು ಸರಿ, ನಿನ್ನಂಥ ಮೊದಲ ಸಲದವರಿಗಲ್ಲ.

2011ರ ಹೊತ್ತಿಗೆ ಬಂದ ಹೋಂಡಾ ಸಿಬಿಆರ್ 250ಆರ್ ಬಹಳ ನಯವಾದ ಗಾಡಿ. ಒಳ್ಳೆಯದು ಸಿಕ್ಕರೆ ಬಿಡಬೇಡ, ಆದರೆ ಅದರ ಪ್ಲಾಸ್ಟಿಕ್ ಭಾಗಗಳ ಬೆಲೆ ಮೊದಲು ಕೇಳಿಕೊ. 2016ರ ಡಿಸೆಂಬರಿನಲ್ಲಿ ಬಜಾಜಿನವರು ಬಿಟ್ಟ ಡಾಮಿನಾರ್ 400 ನಿನಗೆ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಫೇರಿಂಗ್ ಇಲ್ಲ, ಗಾಳಿಗೊಂದು ವೈಸರ್ ಇಲ್ಲದಿದ್ದರೆ ಹಾಕಿಸಬೇಕಾಗುತ್ತದೆ. ಆದರೂ 373 ಸಿಸಿ, 13 ಲೀಟರಿನ ಟ್ಯಾಂಕು, ಎಲ್ಲಕ್ಕೂ ಮಿಗಿಲಾಗಿ ಸಾಂಗಲಿಯಲ್ಲೂ ಬೆಳಗಾವಿಯಲ್ಲೂ ವಿಜಯಪುರದಲ್ಲೂ ಅದನ್ನು ಬಿಚ್ಚಬಲ್ಲ ಕೈಗಳಿವೆ. ತೂಕ ಮಾತ್ರ 180 ಕಿಲೊ ಮೀರಿದೆ. ನಿಂತಲ್ಲೇ ತಳ್ಳಿ ಹಿಂದೆ ಮುಂದೆ ಮಾಡಿ ನೋಡು, ನಮ್ಮ ಓಣಿಯ ಇಳಿಜಾರಿನಲ್ಲಿ ಅದು ದಿನಾ ಮಾಡಬೇಕಾದ ಕೆಲಸ. ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310 ಚೆಂದ, ಆದರೆ ಹೆಚ್ಚು ಬಾಗಿ ಕೂರಬೇಕು. ಕವಾಸಾಕಿ ನಿಂಜಾ 650 ಅಗ್ಗವಾಗಿ ಸಿಗುತ್ತದೆಂದು ಯಾರಾದರೂ ಆಸೆ ಹಚ್ಚಿದರೆ ಅದರ ಒಂದು ಜೊತೆ ಟೈರಿನ ಬೆಲೆ, ಒಂದು ಸರ್ವಿಸಿನ ಬಿಲ್ಲು ಕೇಳಿ ಆಮೇಲೆ ಯೋಚಿಸು.

ಬ್ರೇಕು ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಇಲ್ಲದ್ದನ್ನು ಮುಟ್ಟಬೇಡ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಗಾಡಿಗೂ ಅದು ಕಡ್ಡಾಯವಾಯಿತು. ಅದಕ್ಕೂ ಮುಂಚಿನ ಡಾಮಿನಾರ್, ಸಿಬಿಆರ್ ಎಬಿಎಸ್ ಇದ್ದೂ ಇಲ್ಲದೆಯೂ ಎರಡು ಬಗೆಯಲ್ಲಿ ಮಾರಾಟವಾಗಿವೆ. ಕಬ್ಬಿನ ರವದಿ ಬಿದ್ದ ಹಸಿ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕು ಹಿಡಿದಾಗ ಅದೊಂದೇ ನಿನ್ನನ್ನು ಕಾಯುತ್ತದೆ. ಬೆಲೆಯಲ್ಲಿ ಹತ್ತು ಸಾವಿರ ಉಳಿಯುತ್ತದೆಂದು ಈ ವಿಷಯದಲ್ಲಿ ರಾಜಿಯಾಗಬೇಡ.

ಇನ್ನು ನಮ್ಮ ಸೀಮೆಯಲ್ಲಿ ಹಳೆ ಗಾಡಿ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇದು ಹೊಳೆನೀರು ಕುಡಿದಿದೆಯೋ ಇಲ್ಲವೋ? 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆ 57 ಅಡಿಗೆ ಏರಿದ್ದಳು. ಅಲ್ಲಿ ಅಪಾಯದ ಮಟ್ಟವೇ 45 ಅಡಿ. 2021ರ ಜುಲೈನಲ್ಲಿ ಮತ್ತೆ ಬಂದಳು. ನಮ್ಮ ಕವಲಾಪುರ ಹೊಳೆಯಿಂದ ದೂರ ಇದ್ದದ್ದಕ್ಕೆ ನಾವು ಉಳಿದೆವು. ಸಾಂಗಲಿಯ ತಗ್ಗಿನ ಓಣಿಗಳಲ್ಲಿ, ಆಚೆ ಚಿಕ್ಕೋಡಿ, ಅಥಣಿ ಸೀಮೆಯ ಹೊಳೆದಂಡೆಯ ಊರುಗಳಲ್ಲಿ ಗಾಡಿಗಳು ದಿನಗಟ್ಟಲೆ ನೀರಿನಲ್ಲಿ ನಿಂತಿದ್ದವು. ಅಂಥ ಗಾಡಿ ತೊಳೆದು, ಬಣ್ಣ ಹೊಡೆದು, ಸೀಟಿಗೆ ಹೊಸ ಕವರು ಹಾಕಿದರೆ ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ವಿಮೆಯವರು ಪೂರ್ತಿ ಹಾನಿಯೆಂದು ಲೆಕ್ಕ ಮುಗಿಸಿದ ಗಾಡಿಗಳೂ ಗುಜರಿ ಬೆಲೆಗೆ ಹೋಗಿ ಮತ್ತೆ ರಸ್ತೆಗೆ ಬರುವುದುಂಟು.

ನೀರು ಹೋದರೂ ಕೆಸರು ಹೋಗುವುದಿಲ್ಲ. ಸೀಟು ಬಿಚ್ಚಿಸಿ ಟೂಲ್ ಇಡುವ ಸಂದಿಯಲ್ಲಿ ಬೆರಳಾಡಿಸು, ಏರ್ ಫಿಲ್ಟರಿನ ಡಬ್ಬಿ ತೆಗೆಸಿ ಅದರ ತಳ ನೋಡು, ರೇಡಿಯೇಟರಿನ ಎಲೆಗಳ ನಡುವೆ ಟಾರ್ಚು ಬಿಡು. ಒಣಗಿದ ನುಣ್ಣನೆ ಕಪ್ಪು ಮಣ್ಣು ಅಲ್ಲಿ ಕೂತಿರುತ್ತದೆ, ರಸ್ತೆಯ ಧೂಳು ಅಷ್ಟು ನುಣ್ಣಗೆ ಇರುವುದಿಲ್ಲ. ಮೀಟರಿನ ಗಾಜಿನೊಳಗೆ ಮಂಜು ಕಟ್ಟಿದೆಯೇ, ಹೆಡ್‌ಲೈಟಿನೊಳಗೆ ನೀರಿನ ಗೆರೆ ಇದೆಯೇ ನೋಡು. ವೈರಿಂಗಿನ ಒಂದೆರಡು ಸಾಕೆಟ್ಟು ಎಳೆದು ನೋಡಲು ಹೇಳು. ತಾಮ್ರಕ್ಕೆ ಹಸಿರು ಹತ್ತಿದ್ದರೆ ಅಲ್ಲಿಂದಲೇ ಹೊರಡು. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಎಂಜಿನ್ನು ರಿಪೇರಿಯಾದೀತು, ವೈರಿಂಗಿಗೆ ಹತ್ತಿದ ರೋಗ ವಾಸಿಯಾಗುವುದಿಲ್ಲ. ಇಂದು ಇಂಡಿಕೇಟರ್, ನಾಳೆ ಸ್ಟಾರ್ಟರ್, ಮುಂದೊಂದು ರಾತ್ರಿ ಜತ್ತದ ಆಚೆ ಯಾರೂ ಇಲ್ಲದ ಕಡೆ ದೀಪವೇ ಹೋಗುತ್ತದೆ.

ಬಿದ್ದ ಗಾಡಿಯನ್ನು ಗುರುತಿಸುವುದು ಇದಕ್ಕಿಂತ ಸುಲಭ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸು. ಅದು ತಾಗಿ ನಿಲ್ಲುವಲ್ಲಿ ಫ್ರೇಮಿನ ಕತ್ತಿನ ಮೇಲೆ ಸಣ್ಣದೊಂದು ಲೋಹದ ತಡೆ ಇರುತ್ತದೆ. ಅದು ಜಜ್ಜಿದ್ದರೆ, ಮುರಿದು ವೆಲ್ಡಿಂಗ್ ಆಗಿದ್ದರೆ ಗಾಡಿ ಎದುರಿನಿಂದ ಬಲವಾಗಿ ಬಡಿಸಿಕೊಂಡಿದೆ. ಚಾಸಿಸ್ ನಂಬರೂ ಸಾಮಾನ್ಯವಾಗಿ ಅಲ್ಲೇ ಕೊರೆದಿರುತ್ತದೆ, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ಹಾಕು. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವೆ ಎಲ್ಲೋ ಕಚ್ಚಿದಂತಾದರೆ ಕೋನ್ ಸೆಟ್ಟು ಹೋಗಿದೆ. ಅದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ನೆಪವಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ: 2219 ಎಂದಿದ್ದರೆ 2019ರ 22ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಆಳ ಇದ್ದರೂ ಐದಾರು ವರ್ಷದ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಆ ಟೈರಿನ ಬೆಲೆಯನ್ನು ಮಾತಾಡಿದ ಮೊತ್ತದಿಂದ ಕಳೆ.

ಬಹಳ ದಿನ ನಿಂತಿದ್ದ ಗಾಡಿಯ ಬಗ್ಗೆಯೂ ಎಚ್ಚರ ಇರಲಿ. ಕಡಿಮೆ ಓಡಿದೆ ಎಂದು ಮಾರುವವರು ಅದನ್ನು ಹೊಗಳುತ್ತಾರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇರುತ್ತದೆ. ನಮ್ಮ ಕಬ್ಬಿನ ಕಾರ್ಖಾನೆಗಳಿಂದಲೂ ಅದು ಹೋಗುತ್ತದೆ, ರೈತನಿಗೆ ಅದರಿಂದ ನಾಲ್ಕು ಕಾಸು ಬಂದರೆ ನನಗೆ ಸಂತೋಷ. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಯುತ್ತದೆ, ಹಳೆ ಗಾಡಿಯ ರಬ್ಬರ್ ಪೈಪು ಮೆತ್ತಗಾಗುತ್ತದೆ. ಮುಚ್ಚಳ ತೆಗೆದು ಟಾರ್ಚು ಹಾಕಿ ನೋಡದೆ ಮಾತು ಮುಂದುವರಿಸಬೇಡ.

ಇಷ್ಟೆಲ್ಲ ನಿನ್ನೊಬ್ಬನಿಂದ ಆಗದು, ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗು, ಅವರ ದಿನದ ದುಡಿಮೆಯನ್ನು ಕೇಳುವ ಮೊದಲೇ ಕೈಗಿಡು. ಒಳ್ಳೆಯ ಮಿಸ್ತ್ರಿಗೆ ಈ ಸೀಮೆಯಲ್ಲಿ ಬರವಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕುಂಡಲದ ಹತ್ತಿರದ ಬರಡು ಮಾಳಕ್ಕೆ ಬಂದು ಕಿರ್ಲೋಸ್ಕರವಾಡಿ ಕಟ್ಟಿದ ನೆಲ ಇದು. ಇಂದಿಗೂ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಮೇಲೆ ಬುಷ್ ಕಡೆಸಿಕೊಂಡು ಬರಬಹುದು. ಗಾಡಿಯ ಬೆಲೆಯೆಂದು ನೀನು ಎಣಿಸಿಟ್ಟ ಹಣದಲ್ಲಿ ನಾಲ್ಕನೇ ಒಂದು ಪಾಲು ಇಂಥ ಕೆಲಸಕ್ಕೆ, ಟೈರು ಬ್ಯಾಟರಿ ಚೈನ್‌ಸ್ಪ್ರಾಕೆಟ್ಟಿಗೆ, ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟಿಗೆ ಬದಿಗಿಡು. ಎರಡು ಯಾಕೆಂದರೆ ಹಿಂದೆ ಕೂತವರ ತಲೆಯೂ ತಲೆಯೇ, ಕಾನೂನೂ ಹಾಗೇ ಹೇಳುತ್ತದೆ. ನಿನ್ನ ಹೆಂಡತಿಯನ್ನು ಗಾಡಿ ನೋಡುವಾಗಲೇ ಕರೆದುಕೊಂಡು ಹೋಗು. ಅವಳು ಹಿಂದೆ ಕೂತು ನಾಲ್ಕೈದು ಕಿಲೋಮೀಟರು ಬಂದು ಇಳಿದು ಏನನ್ನುತ್ತಾಳೋ ಅದನ್ನು ಮಿಸ್ತ್ರಿಯ ಮಾತಿನಷ್ಟೇ ಗಟ್ಟಿಯೆಂದು ಹಿಡಿ.

ಕಾಗದದ ಮಾತು. ನಮ್ಮ ಬಂಧುಬಳಗ ಎರಡೂ ರಾಜ್ಯದಲ್ಲಿ ಹರಡಿದೆ. ಅಥಣಿಯ ಬೀಗರ ಮನೆಯಲ್ಲಿ ಒಳ್ಳೆಯ ಗಾಡಿ ಇದೆ ಅಂದ ಕೂಡಲೇ ಮನಸ್ಸು ಅತ್ತ ಓಡುತ್ತದೆ. ಕರ್ನಾಟಕದ ಕೆಎ ನಂಬರಿನ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಸಾಂಗಲಿಯ ಎಂಎಚ್-10ಕ್ಕೆ ಮರುನೋಂದಣಿ ಆಗಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿ ಹೊಸದಾಗಿ ರಸ್ತೆ ತೆರಿಗೆ ಕಟ್ಟಬೇಕು, ಅಲ್ಲಿ ಉಳಿದ ವರ್ಷಗಳ ತೆರಿಗೆಗೆ ಮರುಪಾವತಿ ಕೇಳಬೇಕು. ಅಗ್ಗದ ಗಾಡಿ ಈ ಲೆಕ್ಕದಲ್ಲಿ ತುಟ್ಟಿಯಾಗಬಹುದು, ಕೂಡಿಸಿ ನೋಡು. ನನ್ನನ್ನು ಕೇಳಿದರೆ ಎಂಎಚ್-10 ಅಥವಾ ಕೊಲ್ಲಾಪುರದ ಎಂಎಚ್-09 ಹುಡುಕು. ಹೆಸರು ಬದಲಿಸಲು ಫಾರ್ಮ್ 29 ಮತ್ತು 30, ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರ್ಮ್ 35. ಮಾರಿದವರು 14 ದಿನದೊಳಗೆ, ಬೇರೆ ರಾಜ್ಯದವರಾದರೆ 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವನಿಗೆ 30 ದಿನ. ಪರಿವಾಹನ್ ಜಾಲತಾಣದಲ್ಲಿ ಬಾಕಿ ದಂಡ, ವಿಮೆ, ಸಾಲದ ಗುರುತು ನೋಡಿಕೊಂಡೇ ಹಣ ಕೊಡು. ನಮ್ಮವರೇ ಎಂದು ಹೆಸರು ಬದಲಿಯನ್ನು ಮುಂದೂಡಬೇಡ. ಗಾಡಿಗೆ ಏನಾದರೂ ಆದರೆ ಕೋರ್ಟಿನ ನೋಟಿಸು ಹೋಗುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ, ಅಲ್ಲಿಗೆ ಬೀಗತನ ಕೆಡುತ್ತದೆ.

ಇನ್ನು ತಿರುಗಾಟ. ಈ ಮಾತಿಗೆ ಬರಬೇಕೆಂದೇ ಇಷ್ಟು ಹೊತ್ತು ಕಾದಿದ್ದೆ.

ಕೊಂಡ ಮೊದಲ ತಿಂಗಳು ಹತ್ತಿರದಲ್ಲೇ ಇರು. ಕವಠೆ ಏಕಂದ ದಾಟಿ ತಾಸಗಾಂವಿಗೆ ಹೋಗು, ಅಲ್ಲಿಯ ಗಣಪತಿ ಗುಡಿಯ ಏಳು ಅಂತಸ್ತಿನ ಗೋಪುರದ ಕೆಳಗೆ ನಿಲ್ಲಿಸಿ ಎಲ್ಲಾದರೂ ಆಯಿಲ್ ಜಿನುಗಿದೆಯೇ ನೋಡಿ ಹಿಂದಿರುಗು. ಇನ್ನೊಮ್ಮೆ ದಂಡೋಬಾ ಗುಡ್ಡ, ಮತ್ತೊಮ್ಮೆ ನರಸೋಬಾ ವಾಡಿ. ಗಾಡಿಯ ಸದ್ದು ನಿನಗೆ ರೂಢಿಯಾದರೆ ಮುಂದೆ ಒಂದು ಸಣ್ಣ ಹೊಸ ಸದ್ದು ಬಂದರೂ ಕಿವಿ ನಿಮಿರುತ್ತದೆ.

ಆಮೇಲೆ ಕುರುಂದವಾಡದ ಮೇಲಿಂದ ಖಿದ್ರಾಪುರಕ್ಕೆ ಹೋಗಿ ಬಾ. ಶಿಲಾಹಾರರ ಕಾಲದ ಕೋಪೇಶ್ವರ ಗುಡಿ, ಅದರ ಸ್ವರ್ಗಮಂಟಪದ ನಡುವೆ ಮಾಡೇ ಇಲ್ಲ, ದುಂಡಗೆ ಆಕಾಶ ಕಾಣುತ್ತದೆ. ಕಲ್ಲಿನ ಮೇಲಿನ ಕನ್ನಡ ಶಾಸನಗಳನ್ನೂ ನೋಡು, ನಮ್ಮ ನುಡಿ ಈ ದಂಡೆಯಲ್ಲಿ ಎಷ್ಟು ಹಳೆಯದು ಎಂಬುದು ಅಲ್ಲಿ ಕೈಯಿಂದ ಮುಟ್ಟಿದಂತೆ ತಿಳಿಯುತ್ತದೆ.

ದೊಡ್ಡ ಗಾಡಿಯ ನಿಜವಾದ ಸುಖ ಬೇಕಾದರೆ ಮೂಡಣ ದಾರಿ ಹಿಡಿ. ಮಿರಜ, ಕವಠೆ ಮಹಾಂಕಾಳ, ಜತ್ತ, ಅಲ್ಲಿಂದ ವಿಜಯಪುರ. ಹೊರಟಾಗ ಕಬ್ಬು, ಅರಿಷಿಣ, ಗಜ್ಜರಿ ಹೊಲ. ತುಸು ಮುಂದೆ ದ್ರಾಕ್ಷಿ ತೋಟ, ಮಣೂಕ ಒಣಗಿಸುವ ಶೆಡ್ಡು. ಮ್ಹೈಸಾಳ ಯೋಜನೆಯ ನೀರು ಮುಟ್ಟಿದಲ್ಲಿ ಹಸಿರು, ಮುಟ್ಟದಲ್ಲಿ ಬೋಳು ಮಾಳ, ಜೋಳ, ಕುರಿಹಿಂಡು. ಜತ್ತದ ಮೂಡಣ ಹಳ್ಳಿಗಳಲ್ಲಿ ಅಂಗಡಿಯ ಬೋರ್ಡು ಮರಾಠಿ, ಚಹಾ ಕೊಡುವವರ ಮಾತು ಕನ್ನಡ. ಕಾರಿನ ಗಾಜಿನೊಳಗೆ ಕೂತು ಹೋದರೆ ಇದು ಬರೀ ಬಿಸಿಲಿನ ರಸ್ತೆ. ಮೋಟರ್‌ಸೈಕಲ್ಲಿನ ಮೇಲೆ ನೆಲದ ವಾಸನೆ ಬದಲಾಗುವುದೂ ಗೊತ್ತಾಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಿಸುವುದು ಊರು ಮುಟ್ಟುವ ಕೆಲಸ, ಅದಕ್ಕಾಗಿ ಇಂಥ ಗಾಡಿ ಬೇಕಿಲ್ಲ.

ತಾಸಿಗೊಮ್ಮೆ ಇಳಿ, ನೀರು ಕುಡಿ, ಕಾಲಾಡಿಸು. ಸುಮಾರು 500 ಕಿಲೋಮೀಟರಿಗೊಮ್ಮೆ ಚೈನ್ ಒರೆಸಿ ಎಣ್ಣೆ ಹಾಕು. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟು, ಒಂದು ಕ್ಲಚ್ ವೈರು, ನಾಲ್ಕು ಫ್ಯೂಸು ಸೀಟಿನ ಕೆಳಗೆ ಇರಲಿ. ಕಬ್ಬಿನ ಕಾರ್ಖಾನೆಯ ಹಂಗಾಮಿನಲ್ಲಿ ಕತ್ತಲಾದ ಮೇಲೆ ಓಡಿಸಬೇಡ, ಇದನ್ನು ಕೈಮುಗಿದು ಹೇಳುತ್ತೇನೆ. ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರುವುದಿಲ್ಲ, ಎದುರಿನ ಗಾಡಿಯ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಈ ಸೀಮೆಯಲ್ಲಿ ಹಾಗೆ ಹೋದ ಹುಡುಗರ ಮನೆಗೆ ನಾನು ಹೋಗಿ ಕೂತು ಬಂದಿದ್ದೇನೆ. ಹೊತ್ತು ಮುಳುಗಿದರೆ ಎಲ್ಲಿದ್ದೀಯೋ ಅಲ್ಲೇ ಉಳಿ. ನಮ್ಮವರ ಮನೆ ಇಲ್ಲದ ಊರು ಈ ದಾರಿಯಲ್ಲಿ ಇಲ್ಲ.

ತಾಸಗಾಂವಿನಲ್ಲಿ ಮಾರಾಟಕ್ಕಿರುವ ಡಾಮಿನಾರ್ ನೋಡಲು ರವಿವಾರ ಹೋಗುವುದಾದರೆ ನಸುಕಿನಲ್ಲೇ ಹೋಗೋಣ. ನಾವು ಬರುವ ತನಕ ಗಾಡಿ ಚಾಲೂ ಮಾಡಬೇಡಿರೆಂದು ಶನಿವಾರ ರಾತ್ರಿಯೇ ಮಾರುವವರಿಗೆ ಫೋನು ಮಾಡು. ಹೋದ ಕೂಡಲೇ ಎಂಜಿನ್ನಿನ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಯಾವುದೋ ತೊಂದರೆ ಮುಚ್ಚಲು ಮೊದಲೇ ಕಾಯಿಸಿದ್ದಾರೆ ಎಂದು ತಿಳಿ. ತಣ್ಣಗಿದ್ದು ಒಂದೆರಡು ಸಲಕ್ಕೇ ಹೊತ್ತಿಕೊಂಡರೆ, ಟೈಮಿಂಗ್ ಚೈನ್ ಕಟಕಟ ಅನ್ನದಿದ್ದರೆ, ಸೈಲೆನ್ಸರಿನಿಂದ ನೀಲಿ ಹೊಗೆ ಬಾರದಿದ್ದರೆ ಆಗ ಕೂತು ಬೆಲೆ ಮಾತಾಡೋಣ. ಮಿಸ್ತ್ರಿಗೆ ನಾನೇ ಹೇಳಿಡುತ್ತೇನೆ.