0.62ನ್ನು ನಂಬುವ ಮೊದಲು

ಮನಸ್ಸನ್ನು ಹಿಡಿತದಲ್ಲಿಡುವ ಶಕ್ತಿ ಬಳಸಿದಷ್ಟೂ ಕರಗುತ್ತದೆ ಎಂಬ ವಾದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಕಾಲಕ್ಕೆ ಭಾರಿ ಮನ್ನಣೆಯಿತ್ತು. 2010ರಲ್ಲಿ ಹಳೆಯ ಪ್ರಯೋಗಗಳನ್ನು ಕಲೆಹಾಕಿ ಲೆಕ್ಕ ಮಾಡಿದಾಗ ಪರಿಣಾಮದ ಗಾತ್ರ 0.62 ಬಂತು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ, ಮೊದಲೇ ಗೊತ್ತುಪಡಿಸಿದ ಒಂದೇ ವಿಧಾನದಲ್ಲಿ ಪರೀಕ್ಷಿಸಿದವು. ಸಿಕ್ಕಿದ್ದು 0.04. ಸಂಶೋಧನಾ ಲೇಖನಗಳಲ್ಲಿ ಇಂಥ ಅಂಕಿ ಎದುರಾದಾಗ ಹೀಗೆ ಸೋಸಿ ನೋಡಿ.

ಮೊದಲು, ಭಾಜಕ ಯಾವುದೆಂದು ಹುಡುಕಿ. ಎರಡು ಸರಾಸರಿಗಳ ಅಂತರವನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಕೊಹೆನ್ ಅವರ ‘ಡಿ’. ಆದರೆ ತರಬೇತಿಗೆ ಮುಂಚೆ ಮತ್ತು ನಂತರ ಅದೇ ಜನರನ್ನು ಅಳೆದಾಗ, ಕೆಲವರು ವ್ಯತ್ಯಾಸಗಳ ಮಾನಕ ವಿಚಲನೆಯಿಂದ ಭಾಗಿಸುತ್ತಾರೆ. ಎರಡೂ ಅಳತೆಗಳ ಸಹಸಂಬಂಧ 0.9 ಇದ್ದರೆ 0.3 ಇದ್ದದ್ದು 0.67 ಆಗುತ್ತದೆ. ಸುಳ್ಳೇನಲ್ಲ, ಆದರೆ ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ತಪ್ಪು.

ಆಮೇಲೆ ವಿಶ್ವಾಸಾಂತರ ನೋಡಿ. ಗುಂಪಿಗೆ 20 ಜನರಿರುವ ಅಧ್ಯಯನದಲ್ಲಿ 0.5 ಬಂದರೆ, ಶೇ 95ರ ವಿಶ್ವಾಸಾಂತರ ಸುಮಾರು –0.13ರಿಂದ 1.13ರವರೆಗೆ ಚಾಚಿರುತ್ತದೆ.

ಹೆಚ್ಚಿನವರು ಜಾರುವುದು ಮೂರನೆಯ ಹೆಜ್ಜೆಯಲ್ಲಿ. ಅದೇ ಪುಟ್ಟ ಅಧ್ಯಯನದಲ್ಲಿ ಪಿ ಮೌಲ್ಯ 0.05ಕ್ಕಿಂತ ಕೆಳಗಿಳಿಯಬೇಕಾದರೆ ‘ಡಿ’ ಕನಿಷ್ಠ 0.64 ಇರಲೇಬೇಕು. ನಿಜವಾದ ಪರಿಣಾಮ 0.2 ಎಂದುಕೊಳ್ಳಿ. ಆ ಗಡಿ ದಾಟಿದವು ಮಾತ್ರ ಅಚ್ಚಾದರೆ, ಓದುಗರ ಕೈಗೆ ಬರುವ ಪ್ರತಿ ಅಂಕಿಯೂ ನಿಜದ ಮೂರು ಪಟ್ಟಿಗಿಂತ ಹೆಚ್ಚು! ದಾಟದವು ಕಪಾಟಿನಲ್ಲೇ ಉಳಿಯುತ್ತವೆ. ಅಚ್ಚಾದವನ್ನಷ್ಟೇ ಕಲೆಹಾಕಿ ಸರಾಸರಿ ತೆಗೆದರೆ ಈ ಉಬ್ಬರ ಇಳಿಯುವುದಿಲ್ಲ. ಆದ್ದರಿಂದ ಪುಟ್ಟ ಪೂರ್ವಪ್ರಯೋಗದ ಅಂಕಿ ನೆಚ್ಚಿ ನಿಮ್ಮ ಸ್ಯಾಂಪಲ್ ನಿಗದಿ ಮಾಡಬೇಡಿ. ಶೇ 80ರ ಸಾಮರ್ಥ್ಯದೊಂದಿಗೆ 0.5ನ್ನು ಹಿಡಿಯಲು ಗುಂಪಿಗೆ 64 ಜನ ಸಾಕು, 0.2ಕ್ಕೆ 393 ಜನ ಬೇಕು. ಎಂ.ಎ. ಪ್ರಬಂಧಕ್ಕೆ ಅಷ್ಟು ಜನ ಸಿಗುವುದು ಕಷ್ಟವೇ. ಹಾಗಿದ್ದರೆ ಒಬ್ಬರನ್ನೇ ಹಲವು ಸಲ ಅಳೆಯುವ ವಿನ್ಯಾಸ ಯೋಚಿಸಿ, ಇಲ್ಲವೇ ಬೇರೆ ಕಾಲೇಜಿನವರ ಜೊತೆ ಸೇರಿಕೊಳ್ಳಿ.

ಕೊನೆಗೆ ಹಣೆಪಟ್ಟಿಗಳು. 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಎಂಬ ಅಳತೆ ಕೊಟ್ಟ ಜೇಕಬ್ ಕೊಹೆನ್ ಅವರೇ, ಬೇರೆ ಆಧಾರವಿಲ್ಲದಾಗ ಮಾತ್ರ ಇವನ್ನು ಬಳಸಿ ಎಂದಿದ್ದರು. ಖಿನ್ನತೆಯ ಪ್ರಶ್ನಾವಳಿಯಲ್ಲಿ ಎಷ್ಟು ಅಂಕ ಇಳಿಯಿತು ಎಂಬುದನ್ನೂ ‘ಡಿ’ ಪಕ್ಕದಲ್ಲೇ ಬರೆಯಿರಿ, ಮಾರ್ಗದರ್ಶಕರು ಕೇಳದಿದ್ದರೂ.