ಇಲಿಯ ಲೆಕ್ಕ, ಗೂಗಿಯ ಲೆಕ್ಕ

ಅಕ್ಕಲಕೋಟೆ, ಜತ್ತ ಕಡೆಯ ಎರೆಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿತೆಂದರೆ ಇಲಿಯ ಕಾಟ ಬಂದಂತೆಯೇ. ಹೊಲದ ಹೆಗ್ಗಣವಂತೂ ತಿಂದು ಸಾಲದೆ ತೆನೆ ಕಡಿದು ಬಿಲದಲ್ಲಿ ಕೂಡಿಡುತ್ತದೆ. ಅದರ ಗರ್ಭಕಾಲ ಸುಮಾರು 3 ವಾರ. ಮರಿಗಳೂ ಮೂರು ತಿಂಗಳ ಸುಮಾರಿಗೆ ಈಯತೊಡಗುತ್ತವೆ. ಒಂದು ಜೋಡಿಗೆ ಒಂದು ಸೂಲಿನಲ್ಲಿ 6 ಮರಿ, ಅವುಗಳಲ್ಲಿ ಅರ್ಧ ಹೆಣ್ಣು, ಒಂದೂ ಸಾಯಲಿಲ್ಲವೆಂದು ಲೆಕ್ಕಕ್ಕಾಗಿ ಹಿಡಿಯಿರಿ. 2 ಇದ್ದದ್ದು 8, ಬಳಿಕ 32, ನಾಲ್ಕನೆಯ ತಲೆಗೆ 512!

ಹಾಗಾಗದಿರಲು ಕಾರಣಗಳುಂಟು. ಬೇಸಿಗೆಯಲ್ಲಿ ಕಾಳು ತೀರುತ್ತದೆ, ಮಳೆನೀರು ಬಿಲಕ್ಕೆ ನುಗ್ಗುತ್ತದೆ. ಉಳಿದವನ್ನು ಗೂಗಿ, ಕೇರೆಹಾವು, ಮುಂಗುಲಿ, ನರಿಗಳು ತಿನ್ನುತ್ತವೆ. ಕೇರೆಗೆ ವಿಷವಿಲ್ಲ, ಆದರೂ ಕಂಡಲ್ಲಿ ಬಡಿಯುತ್ತೇವೆ. ತಿನ್ನುವ ಪ್ರಾಣಿಯು ಅದರ ಆಹಾರವಾದ ಪ್ರಾಣಿಯಷ್ಟು ಬೇಗ ಹೆಚ್ಚುವುದಿಲ್ಲ. ಎರಡನ್ನೂ ಅರ್ಧರ್ಧ ಕೊಂದರೆ ಇಲಿಗಳು ಒಂದೇ ಹಂಗಾಮಿನಲ್ಲಿ ಮೊದಲಿನಷ್ಟಾಗುತ್ತವೆ. ಹಾವುಗಳಿಗೆ ವರುಷಗಳೇ ಬೇಕು. ವಿಷದ ಕಾಳು ಇಟ್ಟವರು ಸತ್ತ ಇಲಿಗಳನ್ನು ಆಯ್ದು ಹೂಳತಕ್ಕದ್ದು. ಅವನ್ನು ತಿಂದ ಪ್ರಾಣಿಯೂ ಸಾಯಬಹುದು.

ಗೂಗಿ ಅಪಶಕುನವೆನ್ನುವ ಹಿರಿಯರೊಡನೆ ವಾದ ಬೇಡ. ಅದು ಉಗುಳಿದ ಉಂಡೆಯನ್ನು ಒಡೆದು ತೋರಿಸಿರಿ: ಒಳಗೆ ಇಲಿಯ ಎಲುಬು, ಕೂದಲು. ಬದುವಿನ ಮೇಲೆ ಬೆಳೆಗಿಂತ ಎತ್ತರದ ಗೂಟ ನೆಟ್ಟು, ತುದಿಗೆ ಅಡ್ಡಪಟ್ಟಿ ಬಡಿದರೆ ರಾತ್ರಿ ಬಂದು ಕೂಡ್ರುತ್ತದೆ. ಹಗಲಿನಲ್ಲಿ ಗಿಳಿ, ಗುಬ್ಬಿಗಳು ಅಲ್ಲಿ ಕೂಡ್ರಹತ್ತಿದರೆ, ಕಾಳು ಬಲಿಯುವಾಗ ಪಟ್ಟಿಯನ್ನು ಕಿತ್ತಿಡಿರಿ.